ಆಲ್ಬಮ್ಮಿನಲ್ಲಿ ಕೆಂಪಾದ ಚಿತ್ರಗಳು

1970 ಮತ್ತು 1980ರ ದಶಕಗಳಲ್ಲಿ ತೆಗೆಸಿದ ಮದುವೆ, ನಾಮಕರಣ, ಗೃಹಪ್ರವೇಶಗಳ ಬಣ್ಣದ ಫೋಟೊಗಳಲ್ಲಿ ಎಷ್ಟೋ ಇಂದು ಕೆಂಪಗೆ ತಿರುಗಿವೆ. ಬಿಸಿಲು ತಾಗದಂತೆ ಬೀರುವಿನಲ್ಲಿ ಜೋಪಾನ ಮಾಡಿದ ಆಲ್ಬಮ್ಮುಗಳಲ್ಲಿಯೂ ಹೀಗಾಗಿರುವುದರಿಂದ ಮನೆಯವರು ಅದನ್ನು ಇನ್ನು ಸರಿಹೋಗದ ನಷ್ಟವೆಂದು ಭಾವಿಸಿ ಸುಮ್ಮನಾಗುತ್ತಾರೆ. ಆದರೆ ಅಂತಹ ಚಿತ್ರದಲ್ಲಿ ಉಳಿದಿರುವ ಮಾಹಿತಿ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚಿನದು. ಸಾಮಾನ್ಯ ಸ್ಕ್ಯಾನರ್, ಉಚಿತವಾಗಿ ದೊರೆಯುವ ತಂತ್ರಾಂಶ ಮತ್ತು ಒಂದಿಷ್ಟು ತಾಳ್ಮೆ ಇದ್ದರೆ ಅದನ್ನು ಬಹುಮಟ್ಟಿಗೆ ಹೊರತರಬಹುದು.

ಫೋಟೊ ತಿದ್ದುವ ವಿದ್ಯೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಸ್ಟುಡಿಯೊಗಳಲ್ಲಿ ಟಚಿಂಗ್ ಮಾಡುವವರು ಚೂಪಾದ ಪೆನ್ಸಿಲಿನಿಂದ ನೆಗೆಟಿವ್ ಮೇಲೆಯೇ ಗೆರೆಯೆಳೆದು ಮುಖದ ಸುಕ್ಕು, ಕಲೆಗಳನ್ನು ಮರೆಸುತ್ತಿದ್ದರು, ಪ್ರಿಂಟಿನಲ್ಲಿ ದೂಳಿನಿಂದ ಉಳಿದ ಬಿಳಿಚುಕ್ಕೆಗಳನ್ನು ತೆಳುವಾದ ಕುಂಚದಿಂದ ಮುಚ್ಚುತ್ತಿದ್ದರು. ಈ ಕೈಚಳಕವನ್ನು ಪರದೆಗೆ ತಂದವರಲ್ಲಿ ಅಮೆರಿಕದ ಥಾಮಸ್ ನಾಲ್ ಮತ್ತು ಜಾನ್ ನಾಲ್ ಸೋದರರು ಪ್ರಮುಖರು. ಅವರು 1987ರಲ್ಲಿ ಆರಂಭಿಸಿದ ಕೆಲಸ 1990ರಲ್ಲಿ ಫೋಟೊಶಾಪ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ರೂಪಿಸಿದ ಜಿಂಪ್ 1996ರಲ್ಲಿ ಸಾರ್ವಜನಿಕರ ಕೈಸೇರಿತು. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾದ ಈ ತಂತ್ರಾಂಶವೊಂದೇ ಮನೆಯ ಆಲ್ಬಮ್ಮಿಗೆ ಸಾಕು.

ಚಿತ್ರ ಕೆಂಪಾಗುವುದರ ಕಾರಣ ಅದರ ರಚನೆಯಲ್ಲಿಯೇ ಇದೆ. ಬಣ್ಣದ ಪ್ರಿಂಟಿನಲ್ಲಿ ಮೂರು ವರ್ಣದ್ರವ್ಯಗಳ ಪದರಗಳಿರುತ್ತವೆ: ಹಸಿರು ಬೆರೆತ ನೀಲಿಯಾದ ಸಯಾನ್, ನೇರಳೆಗೆಂಪಾದ ಮಜೆಂಟಾ ಮತ್ತು ಹಳದಿ. ಇವುಗಳಲ್ಲಿ ಸಯಾನ್ ಕೆಂಪು ಬೆಳಕನ್ನು ಹೀರಿಕೊಂಡು ಸಮತೋಲ ಕಾಯುತ್ತದೆ. ಆ ಕಾಲದ ಅನೇಕ ಕಾಗದಗಳಲ್ಲಿ ಈ ಸಯಾನ್ ಕತ್ತಲಲ್ಲಿಟ್ಟರೂ ಮಿಕ್ಕೆರಡಕ್ಕಿಂತ ಬೇಗ ಶಿಥಿಲವಾಗುತ್ತಿತ್ತು. ಸೆಖೆ ಮತ್ತು ತೇವ ಆ ನಾಶವನ್ನು ಇನ್ನಷ್ಟು ವೇಗಗೊಳಿಸುತ್ತಿದ್ದವು. ಹೀರಿಕೊಳ್ಳುವ ಪದರ ಸೊರಗಿದಾಗ ಕೆಂಪು ಬೆಳಕು ತಡೆಯಿಲ್ಲದೆ ಕಣ್ಣಿಗೆ ಬರುತ್ತದೆ, ಕಪ್ಪು ಕೂದಲು ಕಂದಾಗುತ್ತದೆ, ಹಸಿರು ಸೀರೆ ಮಣ್ಣಿನ ಬಣ್ಣಕ್ಕೆ ಇಳಿಯುತ್ತದೆ.

ಸ್ಕ್ಯಾನ್ ಮಾಡಿದ ಚಿತ್ರವನ್ನು ಕಂಪ್ಯೂಟರು ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಾಗಿ, ಅಂದರೆ ಬೇರೆಬೇರೆ ಮೂರು ಚಿತ್ರಗಳಾಗಿ ಇಟ್ಟುಕೊಳ್ಳುವುದರಿಂದ, ಕೆಟ್ಟಿರುವ ಒಂದನ್ನಷ್ಟೇ ಹಿಡಿದು ತಿದ್ದಲು ಸಾಧ್ಯವಾಗುತ್ತದೆ. ಜಿಂಪ್‌ನಲ್ಲಿ ಲೆವೆಲ್ಸ್ ಎಂಬ ಸಾಧನವನ್ನು ತೆರೆದರೆ ಹಿಸ್ಟೊಗ್ರಾಂ ಕಾಣುತ್ತದೆ. ಚಿತ್ರದಲ್ಲಿ ಎಷ್ಟು ಕಪ್ಪು, ಎಷ್ಟು ಬಿಳಿ, ನಡುವಿನ ಛಾಯೆಗಳೆಷ್ಟು ಎಂಬುದನ್ನು 0ಯಿಂದ 255ರವರೆಗಿನ ಅಳತೆಯಲ್ಲಿ ತೋರಿಸುವ ನಕ್ಷೆ ಅದು. ಕೆಂಪಾದ ಫೋಟೊದ ಕೆಂಪು ಚಾನೆಲ್‌ನಲ್ಲಿ ಈ ನಕ್ಷೆ ಬಲಕ್ಕೆ ಒತ್ತರಿಸಿಕೊಂಡು ಎಡಬದಿ ಖಾಲಿಯಿರುತ್ತದೆ. ಎಡತುದಿಯ ಕಪ್ಪು ಗುರುತನ್ನು ನಕ್ಷೆ ಆರಂಭವಾಗುವಲ್ಲಿಗೆ ಎಳೆದು ತಂದು, ಉಳಿದೆರಡು ಚಾನೆಲ್‌ಗಳಲ್ಲಿಯೂ ತುದಿಗಳನ್ನು ಹೀಗೆಯೇ ಸರಿಪಡಿಸಿದರೆ ಕೂದಲಿಗೆ ಕಪ್ಪು, ತೋರಣಕ್ಕೆ ಹಸಿರು ಮರಳುತ್ತವೆ. ಆ ಬದಲಾವಣೆ ಕೆಲವೇ ಕ್ಷಣಗಳಲ್ಲಿ ಆಗುವುದನ್ನು ಮೊದಲ ಬಾರಿ ನೋಡುವವರಿಗೆ ಅದು ನಿಜಕ್ಕೂ ಬೆರಗಿನ ಸಂಗತಿ. ಸಯಾನ್ ಪೂರ್ತಿ ಅಳಿದ ಕಡೆ, ಉದಾಹರಣೆಗೆ ತಿಳಿನೀಲಿ ಆಕಾಶದಲ್ಲಿ, ಮರಳುವುದು ಕಡಿಮೆ.

ಬಣ್ಣ ಎಲ್ಲಿಗೆ ಮರಳಬೇಕೆಂಬುದಕ್ಕೆ ಚಿತ್ರದಲ್ಲಿಯೇ ಸಾಕ್ಷಿ ಹುಡುಕಬೇಕಾಗುತ್ತದೆ. ಮದುವೆಯ ಫೋಟೊದಲ್ಲಿ ಬಿಳಿ ಪಂಚೆ ಒಳ್ಳೆಯ ಆಧಾರ. ಆದರೆ ಬಣ್ಣದ ಶಾಮಿಯಾನದ ಕೆಳಗೆ ತೆಗೆದ ಚಿತ್ರದಲ್ಲಿ ಪಂಚೆಯ ಮೇಲೆಯೂ ಆ ಬಟ್ಟೆಯ ಬಣ್ಣ ಬಿದ್ದಿರುವುದರಿಂದ ಅದನ್ನು ಅಚ್ಚ ಬಿಳಿಯಾಗಿಸಿದರೆ ಮುಖಗಳ ಬಣ್ಣ ಕೆಡಬಹುದು. ಧಾರೆ ಸೀರೆ ಇನ್ನೂ ಟ್ರಂಕಿನಲ್ಲಿದ್ದರೆ ಅದಕ್ಕಿಂತ ನಂಬಿಕೆಯ ಆಧಾರವಿಲ್ಲ. ಅದನ್ನು ಹೊರತೆಗೆದು ಕಿಟಕಿಯ ಬೆಳಕಿನಲ್ಲಿ ಹರಡಿ, ಪರದೆಯ ಬಣ್ಣವನ್ನು ಅದಕ್ಕೆ ಹೊಂದಿಸುವ ಹೊತ್ತಿಗೆ ಆ ಸೀರೆಯ, ಆ ದಿನದ ನೆನಪುಗಳೂ ಹಿರಿಯರ ಬಾಯಲ್ಲಿ ಬರುತ್ತವೆ. ಬಣ್ಣದಷ್ಟೇ ಅವೂ ದಾಖಲಾಗಬೇಕಾದವು.

ಉಳಿದ ದೋಷಗಳು ಸುಲಭದವು. ಫ್ಲಾಶ್ ಮಸೂರಕ್ಕೆ ತೀರ ಹತ್ತಿರವಿದ್ದಾಗ ಕಣ್ಣಿನ ಹಿಂಭಾಗದ ರಕ್ತನಾಳಗಳಿಂದ ಬೆಳಕು ಹಿಮ್ಮರಳಿ ಪಾಪೆ ಕೆಂಪಾಗುತ್ತದೆ; ಆ ಭಾಗದ ಬಣ್ಣ ಇಳಿಸಿ ಕಪ್ಪಾಗಿಸಿದರೆ ಸಾಕು. ಓರೆಯಾದ ಚಿತ್ರವನ್ನು ತಿರುಗಿಸಿ ಅಂಚು ಕತ್ತರಿಸಬಹುದು. ಗೀರು, ಚುಕ್ಕೆಗಳಿಗೆ ಕ್ಲೋನ್ ಮತ್ತು ಹೀಲ್ ಎಂಬ ಎರಡು ಸಾಧನಗಳಿವೆ: ಮೊದಲನೆಯದು ಪಕ್ಕದ ಭಾಗವನ್ನು ಇದ್ದಂತೆ ನಕಲು ಮಾಡುತ್ತದೆ, ಎರಡನೆಯದು ಆ ನಕಲನ್ನು ಸುತ್ತಲಿನ ಬೆಳಕಿಗೆ ಹೊಂದಿಸುತ್ತದೆ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಪ್ರಿಂಟಿನ ಜೆಲಟಿನ್ ಪದರಕ್ಕೆ ಬೂಷ್ಟು ಹಿಡಿದು ಅದು ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬಾರದು, ಗಾಜಿನ ಸಮೇತ ಸ್ಕ್ಯಾನ್ ಮಾಡುವುದು ಕ್ಷೇಮ. ನಾಲ್ಕು ಇಂಚಿಗೆ ಆರು ಇಂಚಿನ ಪ್ರಿಂಟನ್ನು ಇಂಚಿಗೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ 2400ಕ್ಕೆ 3600 ಚುಕ್ಕೆಗಳ ಕಡತ ಸಿಗುತ್ತದೆ. ಅದರ ಮೂಲಪ್ರತಿಯನ್ನು ಟಿಫ್ ರೂಪದಲ್ಲಿ ಮುಟ್ಟದೆ ಇಟ್ಟು, ನಕಲಿನ ಮೇಲೆ ಮಾತ್ರ ಕೆಲಸ ಮಾಡಬೇಕು. ಟಿಫ್‌ನಂತಲ್ಲದೆ ಜೆಪಿಇಜಿ ಕಡತ ತಿದ್ದಿ ಉಳಿಸಿದಷ್ಟು ಸಲವೂ ಸ್ವಲ್ಪ ವಿವರ ಕಳೆದುಕೊಳ್ಳುತ್ತದೆ.

ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಈಗ ಮಸುಕಾದ ಮುಖವನ್ನು ಒಂದೇ ಒತ್ತಿಗೆ ಸ್ಫುಟಗೊಳಿಸುತ್ತವೆ. ಆದರೆ ಅವು ಅಳಿದುಹೋದ ವಿವರವನ್ನು ಮರಳಿ ತರುವುದಿಲ್ಲ, ಬೇರೆ ಅಸಂಖ್ಯ ಮುಖಗಳಿಂದ ಕಲಿತದ್ದರ ಆಧಾರದ ಮೇಲೆ ಹೊಸದನ್ನು ಊಹಿಸಿ ತುಂಬುತ್ತವೆ. ಹಾಗೆ ಬಂದ ಕಣ್ಣು ಅಂದವಾಗಿರಬಹುದು, ಅಜ್ಜಿಯದಾಗಿರುವುದಿಲ್ಲ. ಗೋಡೆಯ ಬಿರುಕನ್ನೋ ಆಕಾಶದ ಕಲೆಯನ್ನೋ ಮುಚ್ಚುವುದು ಬೇರೆ, ತೀರಿಹೋದವರ ಮುಖವನ್ನು ಊಹೆಯಿಂದ ಬರೆಯುವುದು ಬೇರೆ. ಕಣ್ಣು, ತುಟಿಗಳ ಜಾಗದಲ್ಲಿ ಪದರವೇ ಕಿತ್ತುಹೋಗಿದ್ದರೆ ಅದನ್ನು ಹಾಗೆಯೇ ಬಿಡುವುದು ಪ್ರಾಮಾಣಿಕವಾದ ಕ್ರಮ.

ಸಯಾನ್ ಮುಚ್ಚಿದ ಆಲ್ಬಮ್ಮಿನಲ್ಲಿಯೂ ಸೊರಗುತ್ತಲೇ ಇರುವುದರಿಂದ ಈ ಕೆಲಸವನ್ನು ಮುಂದೂಡಿದಷ್ಟೂ ಉಳಿಸಿಕೊಳ್ಳಬಹುದಾದದ್ದು ಕಡಿಮೆಯಾಗುತ್ತದೆ. ತಿದ್ದುವುದು ಆಮೇಲೂ ಆದೀತು. ಮೊದಲು ಸ್ಕ್ಯಾನ್ ಮಾಡಿಟ್ಟು, ಎರಡನೆಯ ಸಾಲಿನಲ್ಲಿ ನಿಂತವರು ಯಾರೆಂದು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಹೆಸರುಗಳನ್ನು ಬರೆದುಕೊಳ್ಳಿ.