ಮುಂದಿನ ಶಾಕಪ್‌ನ ಒಳಗೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಕಾಗವಾಡದಿಂದ ಮ್ಹೈಸಾಳ ದಾಟಿ ಮಿರಜಕ್ಕೆ ಹೋಗುವ ದಾರಿಯಲ್ಲಿ ಟ್ರ್ಯಾಕ್ಟರ್‌ಗಳದೇ ರಾಜ್ಯ. ಒಂದೊಂದರ ಹಿಂದೆ ಎರಡೆರಡು ಟ್ರೇಲರ್, ಅವುಗಳ ಭಾರಕ್ಕೆ ಡಾಂಬರು ಕುಸಿದು ತಗ್ಗು, ತಗ್ಗಿನ ಅಂಚಿಗೆ ದಿನ್ನೆ. ಈ ದಾರಿ ಬಿಟ್ಟು ನಮ್ಮ ಕಡೆಯವರಿಗೆ ಗತಿಯಿಲ್ಲ. 1894ರಲ್ಲಿ ವಿಲಿಯಂ ವಾನ್ಲೆಸ್ ಮಿರಜದಲ್ಲಿ ಮಿಶನ್ ದವಾಖಾನೆ ಆರಂಭಿಸಿದಂದಿನಿಂದ ಅಥಣಿ, ಉಗಾರ, ಕುಡಚಿಯ ಜನ ಜಡ್ಡು ಬಂದರೆ ಮೊದಲು ನೆನೆಯುವುದು ಮಿರಜವನ್ನೇ. ರೈಲು ಇದೆ, ಬಸ್ಸೂ ಇದೆ. ಆದರೂ ಗಂಡ ಹೆಂಡತಿಯನ್ನು, ಮಗ ತಾಯಿಯನ್ನು ಹಿಂದೆ ಕೂರಿಸಿಕೊಂಡು ಬರುವುದು ಮೋಟರ್‌ಸೈಕಲ್ ಮೇಲೆಯೇ. ಆ ಇಡೀ ದಾರಿಯ ಏಟನ್ನು ಮೊದಲು ತಾಳುವ ಭಾಗ ಗಾಡಿಯ ಮುಂದಿನ ಶಾಕಪ್. ಎಣ್ಣೆ ಸೋರುವವರೆಗೂ ಅದನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಒಳಗಿರುವುದು ಸರಳ ಏರ್ಪಾಡು. ಒಂದು ಪೈಪಿನೊಳಗೆ ಇನ್ನೊಂದು ಪೈಪು ಜಾರುತ್ತದೆ. ನಡುವೆ ಉದ್ದನೆಯ ಸ್ಪ್ರಿಂಗು, ತಳದಲ್ಲಿ ಸಣ್ಣ ತೂತುಗಳಿರುವ ಕೊಳವೆ, ಸುತ್ತ ಎಣ್ಣೆ. ಭಾರ ಹೊರುವುದು ಸ್ಪ್ರಿಂಗಿನ ಕೆಲಸ. ಅದು ಪುಟಿಯುತ್ತಲೇ ಇರದಂತೆ ಹಿಡಿದು ನಿಲ್ಲಿಸುವುದು ತೂತುಗಳಲ್ಲಿ ನುಗ್ಗುವ ಎಣ್ಣೆಯ ಕೆಲಸ. ಎಣ್ಣೆಯಿಂದ ಹೀಗೆ ಅಂಕೆಯಲ್ಲಿಡುವ ಫೋರ್ಕನ್ನು, ಅಂದರೆ ಮುಂದಿನ ಶಾಕಪ್ ಜೋಡಿಯನ್ನು, ಬಿಎಂಡಬ್ಲ್ಯು ಕಂಪನಿ 1935ರಲ್ಲಿ ತನ್ನ ಆರ್-12 ಗಾಡಿಗೆ ಹಾಕಿ ಮಾರಾಟಕ್ಕೆ ತಂದಿತು. ಮದ್ರಾಸಿನಲ್ಲಿ ತಯಾರಾದ ಬುಲೆಟ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿ, ಇಂದಿನ ನೂರು ಸಿಸಿ ಗಾಡಿಗಳು ಎಲ್ಲವೂ ಅದೇ ತತ್ವದ ಮೇಲೆ ನಡೆದವು.

ಮಿರಜವಿರುವ ಸಾಂಗ್ಲಿ ಜಿಲ್ಲೆಗೆ ಕಬ್ಬಿಣದ ಕೆಲಸ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಔಂಧ ಸಂಸ್ಥಾನದ ರಾಜರು ಕೊಟ್ಟ ಜಾಗದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿ ಕಬ್ಬಿಣದ ನೇಗಿಲು ಮಾಡಿದರು. ಅಷ್ಟು ದೊಡ್ಡ ಉದ್ಯಮಕ್ಕೆ ಮೊದಲ ಹೆಜ್ಜೆ ಎರಡು ಗಾಲಿಯ ಗಾಡಿಯಾಗಿತ್ತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ತನ್ನ ಗಾಡಿಯನ್ನು ತಾನೇ ಬಿಚ್ಚಿ ನೋಡುವ ಧೈರ್ಯ ಈ ನೆಲಕ್ಕೆ ಪರಕೀಯವಲ್ಲ.

ಹಾಗಿದ್ದೂ ಶಾಕಪ್ ಕೂತಿತು ಎಂದಾಗ ನಡೆಯುವುದು ಬಹುಮಟ್ಟಿಗೆ ಒಂದೇ ಉಪಾಯ. ಮೇಲಿನ ಬಿರಡೆ ಬಿಚ್ಚಿ ಸ್ಪ್ರಿಂಗಿನ ತಲೆಯ ಮೇಲೆ ಎರಡು ವಾಷರ್ ಹಾಕಿ ಬಿಗಿಯುವುದು. ಗಾಡಿಯ ಮೂತಿ ಎತ್ತರವಾಗುತ್ತದೆ, ಸವಾರನಿಗೆ ಗಟ್ಟಿಯಾಯಿತು ಅನ್ನಿಸುತ್ತದೆ. ನಿಜದಲ್ಲಿ ಸ್ಪ್ರಿಂಗಿನ ಗಡಸುತನ ಎಳ್ಳಷ್ಟೂ ಬದಲಾಗಿರುವುದಿಲ್ಲ. ಅದು ಎಲ್ಲಿಂದ ಕುಗ್ಗಲು ಶುರುಮಾಡುತ್ತದೆ ಎಂಬುದಷ್ಟೇ ಬದಲಾಗಿರುತ್ತದೆ. ಇದಕ್ಕೆ ಪ್ರಿಲೋಡ್ ಎನ್ನುತ್ತಾರೆ. ಗಡಸುತನವನ್ನು ನಿರ್ಧರಿಸುವುದು ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುತ್ತುಗಳ ಸಂಖ್ಯೆ. ಉಳಿದದ್ದೆಲ್ಲ ಹಾಗೇ ಇದ್ದು ತಂತಿಯೊಂದೇ 4 ಮಿಲಿಮೀಟರಿನಿಂದ 4.4ಕ್ಕೆ ದಪ್ಪಗಾದರೆ ಸ್ಪ್ರಿಂಗು ಶೇ 46ರಷ್ಟು ಗಡಸಾಗುತ್ತದೆ. ಕಣ್ಣಳತೆಗೆ ಎರಡೂ ಒಂದೇ. ಆದ್ದರಿಂದಲೇ ಸ್ಪ್ರಿಂಗನ್ನು ಕಣ್ಣಳತೆಯಲ್ಲಿ ಕೊಳ್ಳಬಾರದು, ಗಾಡಿಯ ಮಾದರಿ ಹೇಳಿ ಶಾಕಪ್‌ನ ಎರಡೂ ಕಾಲಿಗೆ ಜೋಡಿಯಾಗಿಯೇ ಕೊಳ್ಳಬೇಕು.

ಸ್ಪ್ರಿಂಗು ಬದಲಿಸುವ ಕೆಲಸ ಮನೆಯಲ್ಲೇ ಆಗಲಿ ಎಂದು ನಾನು ಒತ್ತಿ ಹೇಳುವುದು ಕೂಲಿ ಉಳಿಯುತ್ತದೆಂದಲ್ಲ. ಸ್ಪ್ರಿಂಗು ಹೊಂದಬೇಕಾದದ್ದು ಸವಾರನ ಮೈತೂಕಕ್ಕೆ, ಅವನು ದಿನಾ ಓಡಾಡುವ ರಸ್ತೆಗೆ. ಐವತ್ತೈದು ಕಿಲೋದ ಹುಡುಗ, ತೊಂಬತ್ತು ಕಿಲೋದ ಹಾಲಿನವ ಇಬ್ಬರೂ ಒಂದೇ ಕಂಪನಿಯ ಗಾಡಿ ಕೊಂಡಿರುತ್ತಾರೆ. ಅಳತೆ ಹಿಡಿಯಲು ಸವಾರನೇ ಸೀಟಿನ ಮೇಲೆ ಕೂರಬೇಕು. ಗ್ಯಾರೇಜಿನ ಗದ್ದಲದಲ್ಲಿ ಅಷ್ಟು ಹೊತ್ತು ಯಾರಿಗಿರುತ್ತದೆ?

ಅಳತೆ ಹೀಗೆ. ಡಬಲ್ ಸ್ಟ್ಯಾಂಡ್ ಹಾಕಿ ಮುಂದಿನ ಗಾಲಿ ನೆಲ ಬಿಡುವಂತೆ ಮಾಡಿದಾಗ ಶಾಕಪ್ ಪೂರ್ತಿ ಚಾಚಿರುತ್ತದೆ. ಹೊಳೆಯುವ ಒಳಪೈಪು ಎಷ್ಟು ಕಾಣುತ್ತದೆಂದು ಸ್ಕೇಲಿನಿಂದ ಅಳೆದು ಬರೆದಿಟ್ಟುಕೊಳ್ಳಬೇಕು. ಆಮೇಲೆ ಗಾಡಿ ನೆಲಕ್ಕಿಳಿಸಿ, ಕಾಲು ಮೇಲೆತ್ತಿ ಸಹಜವಾಗಿ ಕೂತು, ಹಿಂದಿನಿಂದ ಒಬ್ಬರು ಗಾಡಿ ಹಿಡಿದಿರಲು ಇನ್ನೊಬ್ಬರಿಂದ ಮತ್ತೆ ಅಳೆಸಬೇಕು. ಎರಡರ ವ್ಯತ್ಯಾಸವೇ ಸ್ಯಾಗ್. ಎಣ್ಣೆ ಸೋರದಂತೆ ತಡೆಯುವ ಸೀಲಿನ ಹಿಡಿತದಿಂದ ಅಳತೆ ತಪ್ಪುವುದುಂಟು. ಒಮ್ಮೆ ಮೂತಿ ಒತ್ತಿ ನಿಧಾನ ಬಿಟ್ಟು, ಒಮ್ಮೆ ಎತ್ತಿ ನಿಧಾನ ಬಿಟ್ಟು, ಎರಡರ ಸರಾಸರಿ ತೆಗೆಯುವುದು ಒಳ್ಳೆಯದು. ಶಾಕಪ್‌ನ ಒಟ್ಟು ಓಟ 120 ಮಿಲಿಮೀಟರ್ ಇದ್ದರೆ ಸ್ಯಾಗ್ 30ರಿಂದ 40ರೊಳಗೆ ಇರಬೇಕು. ಅದಕ್ಕಿಂತ ಹೆಚ್ಚಾದರೆ ಬ್ರೇಕ್ ಹಿಡಿದಾಗ ಮೂತಿ ನೆಲಕ್ಕೆ ಮುಗ್ಗರಿಸುತ್ತದೆ. ತೀರಾ ಕಡಿಮೆಯಾದರೆ ತಗ್ಗಿನಲ್ಲಿ ಗಾಲಿ ಕೆಳಗಿಳಿಯದೆ ನೆಲದ ಹಿಡಿತ ತಪ್ಪುತ್ತದೆ. ಹಿಂದೆ ಕೂತವರ ಭಾರ ಬಹುಪಾಲು ಹಿಂದಿನ ಗಾಲಿಗೇ ಹೋಗುವುದರಿಂದ ಮುಂದಿನ ಅಳತೆಯನ್ನು ಒಬ್ಬರೇ ಕೂತು ತೆಗೆದರೆ ಸಾಕು.

ಬಿಚ್ಚುವಾಗ ಒಂದು ಕ್ರಮವಿದೆ. ಎಂಜಿನ್ ಕೆಳಗೆ ಗಟ್ಟಿ ಆಸರೆ ಕೊಟ್ಟು, ಗಾಲಿ, ಮಡ್‌ಗಾರ್ಡ್, ಡಿಸ್ಕ್ ಇದ್ದರೆ ಕ್ಯಾಲಿಪರ್ ತೆಗೆಯಬೇಕು. ಕ್ಯಾಲಿಪರ್ ಹೊರಗಿರುವಾಗ ಬ್ರೇಕ್ ಲಿವರ್ ಒತ್ತಬಾರದು. ಮೇಲಿನ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ, ಕೆಳಗಿನದು ಪೈಪನ್ನು ಹಿಡಿದಿರುವಾಗಲೇ ಬಿರಡೆಯನ್ನು ಅರ್ಧ ಸುತ್ತು ಸಡಿಲಿಸಿಕೊಳ್ಳಬೇಕು. ಕೊನೆಯ ಸುತ್ತಿಗೆ ಬಂದಾಗ ಸ್ಪ್ರಿಂಗು ಬಿರಡೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಅಂಗೈಯಿಂದ ಒತ್ತಿ ಹಿಡಿದು, ಮುಖ ಪಕ್ಕಕ್ಕೆ ಇಟ್ಟುಕೊಂಡೇ ತೆಗೆಯಬೇಕು. ಇಲ್ಲಿ ಅವಸರ ಮಾಡಿದರೆ ಕಣ್ಣಿಗೇ ಅಪಾಯ.

ಕಾಲುಗಳನ್ನು ಕ್ಲ್ಯಾಂಪಿನಿಂದ ಹೊರತೆಗೆದು, ಹಳೆಯ ಎಣ್ಣೆಯನ್ನು ಬೋಗುಣಿಗೆ ಸುರಿದು, ನೀರು ಸೇರಿದೆಯೇ ನೋಡಬೇಕು. 2019ರ ಆಗಸ್ಟಿನಲ್ಲಿ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ಮುಟ್ಟಿದಳು. ಅಪಾಯದ ಮಟ್ಟ 45 ಅಡಿ. ಅಂಥ ಮಹಾಪೂರದಲ್ಲಿ ಮುಳುಗಿದ ಗಾಡಿಯ ಎಂಜಿನ್ ತೊಳೆಸುವವರು ಶಾಕಪ್ ಮರೆಯುತ್ತಾರೆ. ಸೀಲಿನ ಸಂದಿನಿಂದ ನುಗ್ಗಿದ ನೀರು ಒಳಗೇ ಉಳಿದು, ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಸ್ಪ್ರಿಂಗಿಗೆ ತುಕ್ಕು ಹಿಡಿಯುತ್ತದೆ. ಹೊರಗೆ ಒಳಪೈಪಿನ ಹೊಳಪಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ, ಹೊಸ ಸೀಲು ಹಾಕಿದರೂ ಅದೇ ಚುಕ್ಕೆ ಅದನ್ನು ಕೊಯ್ದುಬಿಡುತ್ತದೆ. ಉಗುರಿಗೆ ತಗಲುವಷ್ಟು ಕುಳಿ ಬಿದ್ದಿದ್ದರೆ ಪೈಪನ್ನೇ ಬದಲಿಸಬೇಕು. ನದಿ ದಂಡೆಯ ಊರುಗಳಲ್ಲಿ ಹಳೆಯ ಗಾಡಿ ಕೊಳ್ಳುವವರು ಮೊದಲು ಬೆರಳಾಡಿಸಬೇಕಾದ ಜಾಗ ಇದು.

ಹೊಸ ಎಣ್ಣೆಯ ದಪ್ಪವನ್ನು ಗಾಡಿಯ ಪುಸ್ತಕ ಹೇಳಿದಂತೆ ಆರಿಸಬೇಕು. ಸಣ್ಣ ಗಾಡಿಗಳಿಗೆ ಒಂದೊಂದು ಕಾಲಿಗೆ ಸಾಮಾನ್ಯವಾಗಿ 200 ಮಿಲಿಲೀಟರಿನೊಳಗೇ ಸಾಕು. ಎಣ್ಣೆ ಹುಯ್ದು, ಗುಳ್ಳೆ ನಿಲ್ಲುವವರೆಗೆ ಪೈಪನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಸ್ಪ್ರಿಂಗ್ ಇಲ್ಲದೆ ಪೂರ್ತಿ ಒತ್ತಿ, ಪೈಪಿನ ಬಾಯಿಂದ ಎಣ್ಣೆಯವರೆಗಿನ ಆಳ ಎರಡೂ ಕಾಲಲ್ಲಿ ಒಂದೇ ಇದೆಯೇ ನೋಡಬೇಕು. ಎಣ್ಣೆಯ ಮೇಲೆ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗೇ. ಎಣ್ಣೆ ಹೆಚ್ಚಾದರೆ ಆ ಗಾಳಿಗೆ ಜಾಗ ಸಾಲದೆ ಕೊನೆಯ ಓಟದಲ್ಲಿ ಶಾಕಪ್ ಕಲ್ಲಾಗುತ್ತದೆ, ಸೀಲು ಒಡೆಯುತ್ತದೆ. ಪೈಪನ್ನು ಮೇಲಕ್ಕೆಳೆದು ಸ್ಪ್ರಿಂಗು ಇಳಿಬಿಟ್ಟು ಬಿರಡೆ ಹಾಕುವಾಗ ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಬೇಕು. ಓರೆಯಾಗಿ ಪಾನಾ ಹಾಕಿದರೆ ಬಿರಡೆಯ ಮರೆ (ಥ್ರೆಡ್) ಹಾಳಾದಂತೆಯೇ.

ಕಾಲುಗಳನ್ನು ಕ್ಲ್ಯಾಂಪುಗಳಲ್ಲಿ ಬಿಗಿದು, ಗಾಲಿ, ಮಡ್‌ಗಾರ್ಡ್, ಕ್ಯಾಲಿಪರ್ ಕೂರಿಸಿ, ಎಕ್ಸೆಲ್ ಪೂರ್ತಿ ಬಿಗಿಯುವ ಮೊದಲು ಗಾಡಿಯ ಮೂತಿಯನ್ನು ನಾಲ್ಕಾರು ಸಲ ಒತ್ತಿ ಬಿಟ್ಟರೆ ಎರಡೂ ಕಾಲು ತಾವಾಗಿ ನೇರಕ್ಕೆ ಬರುತ್ತವೆ. ಬಳಿಕ ಮತ್ತೆ ಸ್ಯಾಗ್ ಅಳೆಯಬೇಕು. ವಾಷರಿಗೆ ಯೋಗ್ಯ ಜಾಗ ಇದು: ಒಂದೇ ಸಮನಾದ ಸ್ಪ್ರಿಂಗಿಗೆ 5 ಮಿಲಿಮೀಟರ್ ಪ್ರಿಲೋಡ್ ಕೊಟ್ಟರೆ ಸ್ಯಾಗ್ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಸವಾರ ಕೂತಾಗ ಅಳತೆ ಸರಿಬಂದು, ಸವಾರ ಇಳಿದಾಗ ಗಾಡಿ ತನ್ನ ಭಾರಕ್ಕೆ ಚೂರೂ ಕೂರದಿದ್ದರೆ ಸ್ಪ್ರಿಂಗು ಇನ್ನೂ ಮೆತ್ತಗಿದೆ, ಪ್ರಿಲೋಡಿನ ಬಲದಿಂದ ನಿಂತಿದೆ ಎಂದರ್ಥ. ಆಗ ಮತ್ತಷ್ಟು ವಾಷರ್ ತುರುಕದೆ ಗಡಸು ಸ್ಪ್ರಿಂಗನ್ನೇ ಹುಡುಕಬೇಕು.

ಬ್ರೇಕ್ ಲಿವರ್ ಗಟ್ಟಿಯಾಗುವವರೆಗೆ ಒತ್ತಿ, ಓಣಿಯಲ್ಲಿ ನಿಧಾನವಾಗಿ ಒಂದು ಸುತ್ತು ಹೊಡೆದು ನೋಡಿ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನೂ ಸೀಲಿನ ಅಂಚನ್ನೂ ಮತ್ತೊಮ್ಮೆ ಪರೀಕ್ಷಿಸಿ. ಬೋಗುಣಿಯಲ್ಲಿರುವ ಹಳೆಯ ಎಣ್ಣೆಯನ್ನು ಮಾತ್ರ ಗಟಾರಕ್ಕೆ ಚೆಲ್ಲಬೇಡಿ, ಅದು ಸೇರುವುದು ಕೃಷ್ಣೆಯನ್ನೇ. ಡಬ್ಬಿಯಲ್ಲಿ ತುಂಬಿ ಹಳೆಯ ಎಣ್ಣೆ ಕೂಡಿಸುವ ಗ್ಯಾರೇಜಿಗೆ ಕೊಡಿ.