ಯುವನಿಧಿ: ತಮ್ಮನಿಗೆ ಬಂತು, ಅಕ್ಕನಿಗೆ ಯಾಕಿಲ್ಲ?

ಇವತ್ತಿನ ಎಪಿಸೋಡ್ ನಮ್ಮ ಮನೆ ಕಥೆಯಿಂದಲೇ ಶುರು ಮಾಡ್ತೀನಿ. ನಮ್ಮೂರು ಮೂಡಿಗೆರೆ ತಾಲ್ಲೂಕಿನ ಜಾವಳಿ, ಹೇಮಾವತಿ ಹುಟ್ಟೋ ಸೀಮೆ. ನಾನು ಬಿ.ಕಾಂ. ಮುಗಿಸಿದ್ದು 2022ರಲ್ಲಿ, ತಮ್ಮ 2023ರಲ್ಲಿ. ಇಬ್ಬರಿಗೂ ಕೆಲಸ ಇರಲಿಲ್ಲ. ಅವನಿಗೆ ತಿಂಗಳಿಗೆ 3,000 ರೂಪಾಯಿ ಬಂತು, ನನಗಿಲ್ಲ. ಯಾಕೆ?

ಸ್ವಲ್ಪ ಹಿಂದಕ್ಕೆ ಹೋಗೋಣ. 2023ರ ಮಾರ್ಚ್ 20, ವಿಧಾನಸಭೆ ಚುನಾವಣೆ ಹತ್ತಿರ ಬಂದಿತ್ತು. ಬೆಳಗಾವಿ ಸಮಾವೇಶದಲ್ಲಿ ರಾಹುಲ್ ಗಾಂಧಿ ಯುವನಿಧಿ ಘೋಷಿಸಿದ್ರು. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500, ಎರಡು ವರ್ಷ. ಅದೇ ವೇದಿಕೆಯಲ್ಲಿ ಇನ್ನೂ ದೊಡ್ಡ ಮಾತಿತ್ತು: ಐದು ವರ್ಷದಲ್ಲಿ 10 ಲಕ್ಷ ಖಾಸಗಿ ಉದ್ಯೋಗ, ಜೊತೆಗೆ ಖಾಲಿ ಇರೋ ಎರಡೂವರೆ ಲಕ್ಷ ಸರ್ಕಾರಿ ಹುದ್ದೆಗಳ ಭರ್ತಿ.

ಸರ್ಕಾರ ಬಂತು, ನಿಯಮವೂ ಬಂತು. 2022–23ರ ಸಾಲಿನಲ್ಲಿ ಪಾಸಾದವರಿಂದ ಮಾತ್ರ ಯೋಜನೆ ಶುರು. ಪಾಸಾದ ಮೇಲೆ 180 ದಿನ ಕೆಲಸ ಸಿಕ್ಕಿರಬಾರದು. ಮುಂದೆ ಓದ್ತಿದ್ರೆ ಇಲ್ಲ, ಅಪ್ರೆಂಟಿಸ್ ಭತ್ಯೆ ತಗೊಂಡ್ರೂ ಇಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಚಾಲನೆ ಕೊಟ್ಟರು. ನಾನು ಒಂದು ವರ್ಷ ಮೊದಲೇ ಪಾಸಾಗಿದ್ದೆ. ನನ್ನ ಲೆಕ್ಕ ಅಲ್ಲಿಗೇ ಮುಗೀತು.

ತಮ್ಮನಿಗೂ ಸಲೀಸಾಗಿರಲಿಲ್ಲ. ‘ನನಗಿನ್ನೂ ಕೆಲಸ ಸಿಕ್ಕಿಲ್ಲ’ ಅಂತ ಶುರುವಿನಲ್ಲಿ ಪ್ರತಿ ತಿಂಗಳೂ ಸೇವಾ ಸಿಂಧು ಪೋರ್ಟಲ್‌ನಲ್ಲಿ ಘೋಷಿಸಬೇಕಿತ್ತು. ನಮ್ಮ ಕಡೆ ನೆಟ್‌ವರ್ಕ್ ಗೊತ್ತಲ್ಲ, ಓಟಿಪಿಗೋಸ್ಕರ ಗುಡ್ಡ ಹತ್ತಿ ನಿಲ್ತಿದ್ದ. ಕಾಫಿ ಕೊಯ್ಲು ಬಂದಾಗ ಪಕ್ಕದ ತೋಟದಲ್ಲಿ ಲೆಕ್ಕ ಬರೆಯೋಕೆ ಕರೆದ್ರು. ಎರಡು ತಿಂಗಳ ಕೆಲಸ. ‘ಅಕ್ಕ, ಇದಕ್ಕೆ ಹೋದ್ರೆ ನಾನು ಉದ್ಯೋಗಿನಾ, ನಿರುದ್ಯೋಗಿನಾ?’ ಅಂದ. ಸುಳ್ಳು ಘೋಷಣೆಗೆ ದಂಡ ಅನ್ನೋ ಭಯಕ್ಕೆ ಹೋಗಲೇ ಇಲ್ಲ.

ಆ ದುಡ್ಡು ದಂಡ ಅಂತ ನಾನು ಹೇಳ್ತಿಲ್ಲ. ಅವನ ಪರೀಕ್ಷಾ ಶುಲ್ಕ, ಚಿಕ್ಕಮಗಳೂರಿಗೆ ಬಸ್ ಚಾರ್ಜು ಅದರಲ್ಲೇ ಆಯ್ತು. ಅಪ್ಪನ ಹತ್ರ ಕೈ ಚಾಚಲಿಲ್ಲ. ಆದ್ರೆ ಎರಡು ವರ್ಷಕ್ಕೆ ಒಟ್ಟು 72,000. ಆಮೇಲೆ?

ಆಮೇಲೆ ಬೇಕಾಗಿದ್ದು ಅದೇ ವೇದಿಕೆಯ ಎರಡನೇ ಮಾತು, ಅಂದ್ರೆ ಹುದ್ದೆಗಳು. 2024ರ ಅಕ್ಟೋಬರ್ 28ರಂದು ಸಚಿವ ಸಂಪುಟ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥ ಆಗೋವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ತೀರ್ಮಾನಿಸಿತು. ಕಾರಣ ಸಣ್ಣದಲ್ಲ, ಅದು ದಶಕಗಳ ನ್ಯಾಯದ ಪ್ರಶ್ನೆ. ಆದ್ರೆ ಕಾಯೋರ ವಯಸ್ಸು ನಿಲ್ಲಲ್ವಲ್ಲ! 2025ರ ಸೆಪ್ಟೆಂಬರ್‌ನಲ್ಲಿ ಧಾರವಾಡದಲ್ಲಿ ಉದ್ಯೋಗಾಕಾಂಕ್ಷಿಗಳು ಬೀದಿಗಿಳಿದಿದ್ದು ಇದಕ್ಕೇ.

ಕೇಂದ್ರದ ಕಡೆ ನೋಡಿದ್ರೂ ಅಷ್ಟೆ. 2024ರ ಜುಲೈ ಬಜೆಟ್‌ನಲ್ಲಿ ಐದು ವರ್ಷದಲ್ಲಿ ಒಂದು ಕೋಟಿ ಯುವಜನರಿಗೆ ದೊಡ್ಡ ಕಂಪನಿಗಳಲ್ಲಿ ಇಂಟರ್ನ್‌ಶಿಪ್, ತಿಂಗಳಿಗೆ 5,000 ಅಂದ್ರು. ಅದೂ ಹನ್ನೆರಡೇ ತಿಂಗಳು. ಮುಗಿದ ಮೇಲೆ ಕೆಲಸ ಕೊಡಲೇಬೇಕು ಅನ್ನೋ ಮಾತಿಲ್ಲ.

ಭತ್ಯೆ ಕೊಡೋದು ಸುಲಭ, ಬಟನ್ ಒತ್ತಿದ್ರೆ ಖಾತೆಗೆ ಹೋಗುತ್ತೆ. ಕೆಲಸ ಕೊಡೋದು ನಿಧಾನ. ಅದಕ್ಕೇ ಪ್ರಚಾರದಲ್ಲಿ ಎರಡನ್ನೂ ಒಟ್ಟಿಗೆ ಹೇಳಿದ್ರೂ ಮನೆ ಬಾಗಿಲಿಗೆ ಮೊದಲನೆಯದು ಮಾತ್ರ ಬೇಗ ಬರುತ್ತೆ.

ಮುಂದಿನ ಸಲ ಯಾವ ಪಕ್ಷದವರೇ ಓಟು ಕೇಳೋಕೆ ಬರಲಿ, ಮೂರು ಪ್ರಶ್ನೆ ಕೇಳಿ: ಯಾವ ವರ್ಷ ಪಾಸಾದವರಿಗೆ? ಎಷ್ಟು ದಿನ? ಅದು ಮುಗಿದ ಮೇಲೆ ಏನು? ನಾನಂತೂ ಮೊದಲನೆಯದನ್ನ ಕೇಳೇ ಕೇಳ್ತೀನಿ.