ಸಬ್‌ವೂಫರ್ ಎರಡು ಮೀಟರ್ ಹಿಂದೆ ಸರಿಯಿತೇ?

ಪ್ರಶ್ನೆ: ಹೋಮ್ ಥಿಯೇಟರ್ ರಿಸೀವರ್‌ಗೆ ಮೈಕ್ ಸಿಕ್ಕಿಸಿ ಆಟೊ ಸೆಟಪ್ ಮಾಡಿದೆ. ಸಬ್‌ವೂಫರ್ ಇರುವುದು ಸೋಫಾದಿಂದ 3 ಮೀಟರ್ ದೂರದಲ್ಲಿ. ರಿಸೀವರ್ 5 ಮೀಟರ್ ಎನ್ನುತ್ತಿದೆ. ತಿದ್ದಬೇಕೇ?

ಉತ್ತರ: ಬೇಡ, ಟೇಪನ್ನು ಒಳಗಿಡಿ. ರಿಸೀವರ್ ಅಳೆಯುವುದು ದೂರವನ್ನಲ್ಲ, ಸದ್ದು ಮೈಕನ್ನು ಮುಟ್ಟಲು ಹಿಡಿದ ಹೊತ್ತನ್ನು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ ಮಿಲಿಸೆಕೆಂಡಿಗೆ 34 ಸೆಂಟಿಮೀಟರ್. ಸಬ್‌ವೂಫರ್‌ನ ಹೊಟ್ಟೆಯಲ್ಲೇ ಆಂಪ್ಲಿಫೈಯರ್, ಫಿಲ್ಟರ್‌ಗಳಿರುತ್ತವೆ. ಅವನ್ನು ದಾಟುವಷ್ಟರಲ್ಲಿ ಸಿಗ್ನಲ್ 6 ಮಿಲಿಸೆಕೆಂಡ್ ತಡವಾದರೂ ಲೆಕ್ಕದಲ್ಲಿ 2 ಮೀಟರ್ ಏರುತ್ತದೆ. ಆ ತಡಕ್ಕೆ ತಕ್ಕಂತೆ ರಿಸೀವರ್ ಉಳಿದ ಸ್ಪೀಕರ್‌ಗಳನ್ನು ಕಾಯಿಸುತ್ತದೆ. ನೀವು 3 ಎಂದು ತಿದ್ದಿದಿರೋ, ತಬಲಾಕ್ಕಿಂತ ಡಗ್ಗಾ ಹಿಂದೆ ಬಿದ್ದಂತಾಗಿ ಬಾಸ್ ಸೊರಗಬಹುದು.

ತಿದ್ದಬೇಕಾದದ್ದು ಬೇರೆ. ನಿಮ್ಮ ಸ್ಪೀಕರ್‌ಗಳನ್ನು ಅದು ‘ಲಾರ್ಜ್’ ಎಂದು ಗುರುತಿಸಿದ್ದರೆ ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ (ಬಾಸನ್ನು ಸಬ್‌ವೂಫರ್‌ಗೆ ಒಪ್ಪಿಸುವ ಗಡಿ) 80 ಹರ್ಟ್ಸ್‌ಗೆ ಇಡಿ. ಲಾರ್ಜ್ ಎಂಬುದು ಹೊಗಳಿಕೆಯಲ್ಲ! ಸಬ್‌ವೂಫರ್‌ನ ಹಿಂಬದಿಯ ಕ್ರಾಸ್‌ಓವರ್ ನಾಬ್ ಪೂರ್ತಿ ಮೇಲಕ್ಕಿರಲಿ. ಇಲ್ಲವಾದರೆ ಒಂದೇ ಕೆಲಸವನ್ನು ರಿಸೀವರ್, ಸಬ್‌ವೂಫರ್ ಇಬ್ಬರೂ ಮಾಡಿದಂತೆ. ಮತ್ತೆ ಅಳೆಯುವುದಾದರೆ ಫ್ಯಾನ್ ಆರಿಸಿ, ಮೈಕನ್ನು ಕಿವಿಯ ಮಟ್ಟಕ್ಕೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವ ಹೊತ್ತಂತೂ ಬೇಡವೇ ಬೇಡ.